ಗುಮ್ರಾಸನ್ ಕೊಂಬೆ

ಧಾವ್‌ನನ್ನು ನಾನು ಮೊದಲು ನೋಡಿದ್ದು ರೋಗದ ಎರಡನೆಯ ವರ್ಷ, ಫೆಬ್ರವರಿ ಒಂಬತ್ತು, ಮಂಗಳವಾರ, ಬೆಳಿಗ್ಗೆ ಎಂಟೂಕಾಲಕ್ಕೆ. ಮಾದರಿಗಳ ಕೋಣೆಯ ಬಾಗಿಲಲ್ಲಿ ಒಬ್ಬ ಉದ್ದನೆಯ ಮನುಷ್ಯ ನಿಂತಿದ್ದ. ಕಂಕುಳಲ್ಲಿ ಪ್ಲಾಸ್ಟಿಕ್ ಚೀಲ, ಮುಖಕ್ಕೆ ಒಂದರ ಮೇಲೊಂದು ಎರಡು ಮಾಸ್ಕು. "ಒಳಗೆ ಬರಬಹುದಾ?" ಎಂದು ನನ್ನನ್ನು ಕೇಳಿದ. ಆ ಕಟ್ಟಡದಲ್ಲಿ ನನ್ನನ್ನು ಕೇಳಿ ಒಳಗೆ ಬಂದವರು ಅದುವರೆಗೆ ಯಾರೂ ಇರಲಿಲ್ಲ. ಹಾಗಾಗಿ ಇವನು ತುಂಬ ಓದಿಯೂ ಕೆಲಸ ಸಿಗದೆ ಅಲೆದವನಿರಬೇಕು ಎಂದುಕೊಂಡೆ. ಸರಿಯಾಗಿಯೇ ಅಂದುಕೊಂಡಿದ್ದೆ.

ಗಂಡ ತೀರಿಕೊಂಡ ಮೇಲೆ ಗಾಜು ತೊಳೆಯಲು ಟ್ಯೂನಿಸ್‌ನ ಆ ಪ್ರಯೋಗಾಲಯ ಸೇರಿದವಳು ನಾನು. ರೋಗ ಬಂದ ಮೇಲೆ ದೇಶದ ಮೂಲೆಮೂಲೆಯಿಂದ ರೋಗಿಗಳ ಮಾದರಿ ಹೊತ್ತು ಬರುವ ಡಬ್ಬಿಗಳನ್ನು ಇಳಿಸಿಕೊಳ್ಳುವುದೂ ನನ್ನ ಪಾಲಿಗೆ ಬಂತು. ಓದಿದವರೆಲ್ಲ ಆ ಗೌರವವನ್ನು ನನಗೇ ಬಿಟ್ಟುಕೊಟ್ಟಿದ್ದರು. ಡಬ್ಬಿಯ ನಂಬರು, ಬಂದ ಹೊತ್ತು, ಒಳಗಿನ ಐಸು ಹೇಗಿದೆ ಎಂಬುದು, ಈ ಮೂರನ್ನು ಒಂದು ಪುಸ್ತಕದಲ್ಲಿ ಬರೆಯಬೇಕಿತ್ತು. ಐಸು ಗಟ್ಟಿಯಿದ್ದರೆ ಚೌಕ, ಅರ್ಧ ಕರಗಿದ್ದರೆ ಅರ್ಧ ಚೌಕ, ನೀರಾಗಿದ್ದರೆ ಒಂದು ಅಲೆಗೆರೆ.

ಧಾವ್ ಪುಸ್ತಕ ತಿರುವಿ ನೋಡಿ, ತಾಯಿಯನ್ನು ಕರೆಯುವಂತೆ ನನ್ನನ್ನು ಉಮ್ಮಿ ಎಂದು ಕರೆದು ಕೇಳಿದ. "ಇದನ್ನ ಬರೆಯೋರು ಯಾರು, ಉಮ್ಮಿ?"

"ನಾನೇ."

"ಒಂದೂ ತಪ್ಪಿಲ್ವಲ್ಲ!"

"ನನಗೆ ಬರೋ ಅಕ್ಷರವೇ ಕಮ್ಮಿ, ಮಗಾ. ತಪ್ಪು ಮಾಡೋಕೆ ಜಾಸ್ತಿ ಓದಿರಬೇಕು."

ಮಾಸ್ಕಿನ ಹಿಂದೆ ನಕ್ಕನೆಂದು ಕಾಣುತ್ತದೆ, ಕಣ್ಣು ಚಿಕ್ಕದಾಯಿತು.

ಅವನು ಗುಮ್ರಾಸನ್ನಿನವನು. ಅದಿರುವುದು ದಕ್ಷಿಣದ ಕಲ್ಲುಗುಡ್ಡಗಳ ನಡುವೆ, ಟ್ಯೂನಿಸ್‌ನಿಂದ ಐನೂರು ಕಿಲೋಮೀಟರಿಗೂ ಆಚೆ. ಅಲ್ಲಿನ ಗಂಡಸರು ಹುಟ್ಟುವುದು ಅಲ್ಲಿ, ಮದುವೆಯಾಗುವುದು ಅಲ್ಲಿ, ಮಣ್ಣಾಗುವುದು ಅಲ್ಲಿ. ನಡುವಿನ ಐವತ್ತು ವರ್ಷ ಮಾತ್ರ ಟ್ಯೂನಿಸ್‌ನಲ್ಲಿ ಫ್ತಾಯರ್ ಕರಿಯುತ್ತ ಕಳೆಯುತ್ತಾರೆ. ಹೆಂಡತಿ ಮಕ್ಕಳು ಊರಲ್ಲಿ, ಇವರು ಅಂಗಡಿಯ ಹಿಂದೆ. ಹಿಟ್ಟನ್ನು ಅಂಗೈಯಲ್ಲಿ ಅಗಲಿಸಿ ಎಣ್ಣೆಗೆ ಬಿಟ್ಟರೆ ಅಂಚು ಉಬ್ಬಿ ನಡು ಗರಿಗರಿಯಾಗುವ ಆ ತಿಂಡಿಯನ್ನು ಬೇರೆ ಊರಿನವರು ಮಾಡಬಾರದೆಂದು ಕಾನೂನೇನಿಲ್ಲ. ಮಾಡಿದರೆ ತಿನ್ನುವವರಿಲ್ಲ, ಅಷ್ಟೆ.

ಧಾವ್‌ನ ಅಪ್ಪ ಬಲ್ಗಾಸಿಮ್ ಟ್ಯೂನಿಸ್‌ನ ಬಾಬ್ ಜದೀದ್ ಬಾಗಿಲಿನ ಹತ್ತಿರ ಇಪ್ಪತ್ತೆಂಟು ವರ್ಷ ಕರಿದು ಮಗನನ್ನು ಓದಿಸಿದ. ಮಗ ವಂಶವಾಹಿಗಳ ಮೇಲೆ ಪಿಎಚ್‌ಡಿ ಮಾಡಿದ, ಆಮೇಲೆ ಐದು ವರ್ಷ ಶಿಕ್ಷಣ ಇಲಾಖೆಯ ಕಚೇರಿಯೆದುರು ಹಾಸಿಗೆ ಹಾಸಿಕೊಂಡು ಕೂತ, ಕೆಲಸ ಕೊಡಿ ಎಂದು. ಅಲ್ಲಿಗೆ ಅಪ್ಪ ಪ್ರತಿ ಬೆಳಿಗ್ಗೆ ತಿಂಡಿ ಕಳಿಸುತ್ತಿದ್ದನಂತೆ, ಜೊತೆಗೆ ಒಂದು ಮಾತನ್ನೂ: "ಡಾಕ್ಟರ್ ಸಾಹೇಬರಿಗೆ ಕೊಡು. ಸಕ್ಕರೆ ಖಾಲಿಯಾಗಿದೆ, ಮೇಲೆ ಪಿಎಚ್‌ಡಿ ಉದುರಿಸ್ಕೊಳ್ಳಲಿ." ಇವನಿಗೆ ಕೊಡಲು ಕೆಲಸವೇ ಇಲ್ಲವೆಂದು ಐದು ವರ್ಷ ಹೇಳಿದ ಸರಕಾರಕ್ಕೆ, ಜನ ಸಾಯತೊಡಗಿದ ಮೇಲೆ ಇವನ ನೆನಪಾಯಿತು. ಆರು ತಿಂಗಳ ಕರಾರಿನ ಮೇಲೆ ಕರೆಸಿಕೊಂಡರು. ಜನ ಸಾಯುವುದು ನಿಂತರೆ ಕರಾರೂ ನಿಲ್ಲುತ್ತದೆ ಎಂದು ಕಾಗದದಲ್ಲಿ ಬರೆದಿರಲಿಲ್ಲ; ಬರೆಯುವ ಅಗತ್ಯವಿರಲಿಲ್ಲ.

ಕೆಲಸ ಸಿಕ್ಕ ದಿನವೇ ಅಪ್ಪ ಇನ್ನೊಂದು ಮಾತು ಹೇಳಿದ: "ಇನ್ನು ನನ್ನ ಅಂಗಡಿ ಕಡೆ ತಲೆ ಹಾಕ್ಬೇಡ. ಆ ಲ್ಯಾಬಿಂದ ಕಾಯಿಲೆ ಹೊತ್ಕೊಂಡು ಬಂದೀಯ." ಹೀಗೆ ಒಂದೇ ಪಟ್ಟಣದಲ್ಲಿದ್ದೂ ಐದು ತಿಂಗಳು ಅಪ್ಪ ಮಗ ಮುಖ ನೋಡಲಿಲ್ಲ.

ಅವನು ದಿನವಿಡೀ ಒಂದು ಪರದೆ ನೋಡುತ್ತ ಕೂರುತ್ತಿದ್ದ. ಅದೇನು ನೋಡ್ತೀಯ ಎಂದು ಒಮ್ಮೆ ಕೇಳಿದೆ.

"ಅಂಗಡಿಯವನು ನಿನ್ನೆ ಹಿಟ್ಟಲ್ಲಿ ಒಂದು ಉಂಡೆ ಉಳಿಸಿ ಇವತ್ತಿನ ಹಿಟ್ಟಿಗೆ ಹುಳಿ ಅಂತ ಹಾಕ್ತಾನಲ್ವಾ ಉಮ್ಮಿ? ಅದನ್ನೇ ಪಕ್ಕದ ಅಂಗಡಿಯವನೂ ಇಸ್ಕೊಂಡ್ ಹೋಗ್ತಾನೆ. ಒಂದಿನ ಒಬ್ಬನ ಕೈ ತಪ್ಪಿ ಹುಳಿಗೆ ಸೋಂಪು ಬಿತ್ತು ಅನ್ಕೋ. ಅವನತ್ರ ಇಸ್ಕೊಂಡೋರ ಹಿಟ್ಟಲ್ಲೆಲ್ಲ ಸೋಂಪಿನ ವಾಸನೆ. ಮೂಸಿ ನೋಡಿದ್ರೆ ಯಾರು ಯಾರತ್ರ ಇಸ್ಕೊಂಡ್ರು ಅಂತ ಹೇಳಬಹುದು. ಈ ವೈರಸ್ಸೂ ಹಂಗೇ. ಮೈಯಲ್ಲಿ ಮೂವತ್ತು ಸಾವಿರ ಅಕ್ಷರ. ನಕಲಾಗೋವಾಗ ಅಲ್ಲೊಂದು ಇಲ್ಲೊಂದು ತಪ್ಪಾಗತ್ತೆ. ಒಂದೇ ತಪ್ಪಿರೋವೆಲ್ಲ ಒಂದೇ ಮನೆತನ."

"ಅಂದ್ರೆ ವಂಶಾವಳಿ ಬರೀತೀಯ."

"ಹೂಂ. ಕೆಮ್ಮಿನ ವಂಶಾವಳಿ."

"ಮದುವೆ ದಲ್ಲಾಳಿ ಆಗಿದ್ರೆ ಇಷ್ಟೊತ್ತಿಗೆ ಮನೆ ಕಟ್ಟಿಸಿರ್ತಿದ್ದೆ."

ಜೂನ್ ಮುಗಿಯುವ ಹೊತ್ತಿಗೆ ಇಡೀ ದೇಶದ ಕೆಮ್ಮು ಒಂದು ಮರವಾಗಿ ಅವನ ಪರದೆಯ ಮೇಲೆ ನಿಂತಿತು. ಒಂದು ಕೊಂಬೆ ಮಾತ್ರ ಬೇರೆಯವುಗಳಂತೆ ಇರಲಿಲ್ಲ. ಅದರಲ್ಲಿ ನಲವತ್ತೊಂದು ಮಾದರಿ; ಎಲ್ಲದರಲ್ಲೂ ಬೇರೆಲ್ಲೂ ಕಾಣದ ಒಂದೇ ತಪ್ಪು; ಎಲ್ಲದರ ಪಟ್ಟಿಯಲ್ಲೂ ಒಂದೇ ಊರು, ಗುಮ್ರಾಸನ್.

ನಮ್ಮ ನಿರ್ದೇಶಕ ಡಾಕ್ಟರ್ ತುಹಾಮಿಗೆ ಆದ ಸಂತೋಷವನ್ನು ನಾನು ಕಣ್ಣಾರೆ ಕಂಡೆ. ಮಗಳು ಹುಟ್ಟಿದಾಗಲೂ ಅಷ್ಟಾಗಿರಲಿಲ್ಲ ಎಂದು ಅವರ ಕಾರ್ಯದರ್ಶಿ ಹೇಳಿದಳು. ದೊಡ್ಡ ದೊಡ್ಡ ದೇಶಗಳಿಗೆಲ್ಲ ತಮ್ಮದೇ ಎನ್ನಬಹುದಾದ ಒಂದೊಂದು ವೈರಸ್ಸಿದ್ದು ನಮಗೊಂದೂ ಇಲ್ಲವಲ್ಲ ಎಂಬ ಕೊರಗು ಅವರನ್ನು ಒಂದು ವರ್ಷದಿಂದ ತಿನ್ನುತ್ತಿತ್ತು. ಈಗ ದೇಶದ ಮಾನ ಉಳಿಯಿತು. "ಗುಮ್ರಾಸನ್ ಕೊಂಬೆ" ಎಂದು ಅವರೇ ಹೆಸರಿಟ್ಟರು. ದೇಶದ ನಕ್ಷೆಯಲ್ಲಿ ಆ ಊರಿಗೆ ಕೆಂಪು ಬಣ್ಣ ಬಳಿಸಿದರು. ಬಲಿಯ ಹಬ್ಬ ಬಕ್ರೀದಿಗೆ ಜನ ಊರಿಂದೂರಿಗೆ ಓಡಾಡುವ ಮೊದಲು ಊರಿನ ರಸ್ತೆ ಮುಚ್ಚಬೇಕು, ಒಳಗಿದ್ದವರು ಒಳಗೆ, ಹೊರಗಿದ್ದವರು ಹೊರಗೆ ಎಂದು ಮೇಲಿನವರಿಗೆ ಕಾಗದ ಸಿದ್ಧಮಾಡಿಸಿದರು. ಆಗ ಬಲಿಯ ಹಬ್ಬಕ್ಕೆ ಹದಿಮೂರು ದಿನ ಉಳಿದಿತ್ತು. ನಿಯಮದ ಪ್ರಕಾರ ಮರ ಬರೆದವನ ಸಹಿ ಬೇಕಿತ್ತು.

"ಸಹಿ ಹಾಕು ಸೀ ಧಾವ್, ನಿನ್ನ ಊರಿನ ಹೆಸರು ಪ್ರಪಂಚಕ್ಕೆಲ್ಲ ಗೊತ್ತಾಗತ್ತೆ," ಎಂದರು ಡಾಕ್ಟರ್, ಹೆಸರಿಗೆ ಮರ್ಯಾದೆಯ 'ಸೀ' ಸೇರಿಸಿ. "ಕರಾರಿನ ವಿಷಯಾನೂ ನನ್ನ ತಲೇಲಿದೆ."

ಧಾವ್ ಒಂದು ದಿನದ ಸಮಯ ಕೇಳಿಕೊಂಡ. ನನ್ನ ಕೋಣೆಗೆ ಬಂದು ಊರಲ್ಲಿದ್ದ ತಾಯಿ ಮಬ್ರೂಕಾಗೆ ಫೋನ್ ಮಾಡಿದ. ಗ್ಲೌಸು ಹಾಕಿದ್ದರಿಂದ ಫೋನನ್ನು ಮೇಜಿನ ಮೇಲಿಟ್ಟು ಜೋರಾಗಿ ಕೇಳುವಂತೆ ಮಾಡಿದ್ದ.

"ಅವ್ವಾ, ಊರಲ್ಲಿ ಯಾರಾದ್ರೂ ಕೆಮ್ತಾ ಇದಾರಾ?"

"ಕೆಮ್ಮೋರು ಇರೋಕೆ ಊರಲ್ಲಿ ಜನ ಎಲ್ಲವ್ರೆ? ಗಂಡಸ್ರೆಲ್ಲ ಅಲ್ಲವ್ರೆ. ಇಲ್ಲಿ ಕೆಮ್ಮೋದು ಪಕ್ಕದ್ಮನೆ ಸಲ್ಮಾನ ಮೇಕೆ ಒಂದೇ."

"ಸರಿಯಾಗಿ ಹೇಳವ್ವಾ. ಜ್ವರ, ಆಸ್ಪತ್ರೆ, ಏನೂ ಇಲ್ವಾ?"

"ಮೊನ್ನೆ ಒಬ್ಬಳಿಗೆ ಹೆರಿಗೆ ಆಯ್ತು. ಅದೂ ಅಂಟುರೋಗನೇನೋ?"

ಧಾವ್ ಫೋನ್ ಇಟ್ಟ. ಆಗ ನಾನು, ಹೇಳಬೇಕೋ ಬೇಡವೋ ಎಂದು ಎರಡು ದಿನದಿಂದ ಇಟ್ಟುಕೊಂಡಿದ್ದ ಮಾತನ್ನು ಹೇಳಿದೆ.

"ಮಗಾ, ದಕ್ಷಿಣದ ವ್ಯಾನು ಬರೋದು ಮಧ್ಯಾಹ್ನ ಮೂರರ ಮೇಲೆ. ಜೂನಲ್ಲಿ ಅದರ ಐಸು ಒಂದು ಸಲಾನೂ ಗಟ್ಟಿ ಬಂದಿಲ್ಲ, ಎಲ್ಲ ನೀರು. ನೀನು ಗುಮ್ರಾಸನ್ ಅಂತೀಯಲ್ಲ, ಆ ನಲವತ್ತೊಂದು ಬಂದಿರೋದು ಬೆಳಿಗ್ಗೆ ಒಂಬತ್ತರಿಂದ ಹತ್ತರೊಳಗೆ. ನಲವತ್ತೊಂದಕ್ಕೂ ಚೌಕ."

ಅವನು ಪುಸ್ತಕ ಎಳೆದುಕೊಂಡು ಬೆರಳಿಟ್ಟು ಎಣಿಸಿದ. ಎರಡನೆಯ ಸಲ ಎಣಿಸಿದ. ನಾನು ತಪ್ಪು ಬರೆದಿದ್ದರೆ ಒಳ್ಳೆಯದಿತ್ತು ಎನ್ನುವ ಹಾಗೆ ನನ್ನ ಮುಖ ನೋಡಿದ.

ಡಬ್ಬಿಗಳ ನಂಬರು ಹಿಡಿದು ಹುಡುಕಿದರೆ, ಮಾದರಿ ತೆಗೆದದ್ದು ಟ್ಯೂನಿಸ್‌ನದೇ ಒಂದು ಪರೀಕ್ಷೆಯ ಗುಡಾರದಲ್ಲಿ. ಅಲ್ಲಿನ ಗುಮಾಸ್ತೆ ನಾಜೂಕಿನವಳು, ರೋಗಿಗಳ ಹೆಸರು ಕೊಡುವುದು ಕಾನೂನಿಗೆ ವಿರುದ್ಧ ಎಂದಳು. ಫೋನ್ ನಂಬರು ಕೊಡುವುದು ವಿರುದ್ಧವೆಂದು ಯಾರೂ ಹೇಳಿಕೊಟ್ಟಿರಲಿಲ್ಲವಾದ್ದರಿಂದ ಅದನ್ನು ಕೊಟ್ಟಳು. ಊರು ಹೇಗೆ ಬರೆದಿರಿ ಎಂದರೆ, "ಅವರೇ ಹೇಳಿದ್ರು, ಗುರುತಿನ ಚೀಟೀಲಿ ಹುಟ್ಟಿದೂರೂ ಅದೇ ಇತ್ತು, ಇನ್ನೇನು ನಾನು ಮೂರನೇ ಊರು ಹುಟ್ಟಿಸ್ಲಾ?" ಎಂದಳು. ನಲವತ್ತೊಂದು ಜನಕ್ಕೆ ಇದ್ದದ್ದು ಒಂಬತ್ತೇ ನಂಬರು. ಧಾವ್ ಒಂದೊಂದಾಗಿ ಮಾಡಿದ, ನಾನು ಗಾಜು ಒರೆಸುತ್ತ ಕೇಳುತ್ತಿದ್ದೆ.

"ನಿಮ್ಮೂರು?"

"ಗುಮ್ರಾಸನ್. ಬೇರೆ ಯಾವೂರು ಇರತ್ತೆ?"

"ಈಗ ಇರೋದೆಲ್ಲಿ?"

"ಸದ್ಯಕ್ಕೆ ಟ್ಯೂನಿಸ್‌ನಲ್ಲಿದೀನಿ."

"ಸದ್ಯಕ್ಕೆ ಅಂದ್ರೆ, ಎಷ್ಟು ದಿನದಿಂದ?"

"ಬರೋ ರಮದಾನಿಗೆ ಮೂವತ್ತಾರು ವರ್ಷ."

ಇನ್ನೊಬ್ಬ ಹತ್ತೊಂಬತ್ತು ವರ್ಷದಿಂದ ಸದ್ಯಕ್ಕೆ ಇದ್ದ. ಒಬ್ಬ ಸದ್ಯಕ್ಕೆ ಬಂದು ಇಲ್ಲೇ ಎರಡು ಅಂಗಡಿ ಕೊಂಡಿದ್ದ. ನಮ್ಮಲ್ಲಿ ಯಾವೂರು ಎಂದರೆ ತಾತನ ಸಮಾಧಿ ಇರುವ ಊರು ಹೇಳುವುದು ವಾಡಿಕೆ. ಮಲಗುವ ಊರನ್ನು ಯಾರೂ ಊರೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ನನ್ನನ್ನು ಕೇಳಿದರೂ ನಾನು ಕಣ್ಣಲ್ಲಿ ಕಾಣದ ಒಂದು ಹಳ್ಳಿಯ ಹೆಸರು ಹೇಳುತ್ತೇನೆ. ಪಿಎಚ್‌ಡಿ ಮಾಡಿದವನೂ ಇದೇ ನೆಲದವನಾದ್ದರಿಂದ ಪಟ್ಟಿಯಲ್ಲಿ ಊರು ನೋಡಿದಾಗ ಅವನಿಗೆ ಅನುಮಾನ ಬರಲಿಲ್ಲ.

ಅವರೆಲ್ಲ ಒಂದೇ ಹಳೆಯ ವಸತಿಯಲ್ಲಿ ಸಾಲಾಗಿ ಹಾಸಿಗೆ ಹಾಕಿಕೊಂಡು ಮಲಗುವವರು. ಆರನೆಯ ನಂಬರು ಆ ವಸತಿಯದು. ಎತ್ತಿದವನು ಹೆಸರು ಹೇಳದೆ ಒಬ್ಬೊಬ್ಬರಿಗೆ ಫೋನ್ ದಾಟಿಸುತ್ತಿದ್ದ. ಮೂರನೆಯವನು ಬಂದು "ಅಲೋ" ಎಂದು ಕೆಮ್ಮಿದ. ಧಾವ್ ಎದ್ದು ನಿಂತುಬಿಟ್ಟ.

"ಅಪ್ಪಾ?"

ಆ ಕಡೆ ಇನ್ನೊಂದು ಕೆಮ್ಮು. ಆಮೇಲೆ, "ನಂಬರು ಯಾರು ಕೊಟ್ರೋ ನಿಂಗೆ?"

"ನಿನಗೆ ಯಾವಾಗ್ಲಿಂದ?"

"ಏನಿಲ್ಲ, ಎಣ್ಣೆ ಹೊಗೆ. ಆಗ್ಲೇ ಮೂರು ವಾರ ಆಯ್ತು, ನಂದು ವಾಸಿ. ಕೆಮ್ಮೊಂದು ಹೋಗಿಲ್ಲ."

"ಹೇಳ್ಬಾರ್ದಿತ್ತಾ?"

"ಹೇಳಿದ್ರೆ ಅಂಗಡಿ ಮುಚ್ಚಿಸ್ತಿದ್ದೆ. ಇಲ್ಲಿ ಇನ್ನೂ ಹನ್ನೆರಡು ಜನಕ್ಕೆ ಜ್ವರ. ಮಲ್ಕೊಂಡವ್ರೆ, ಹಬ್ಬದೊಳಗೆ ಎದ್ದೇಳ್ತಾರೆ. ಐದು ವ್ಯಾನು ಮಾತಾಡಿದೀವಿ. ಎಲ್ಲ ಒಟ್ಗೆ ಊರಿಗೆ."

"ಊರಿಗೆ ಹೋಗ್ಬೇಡಿ ಅಪ್ಪಾ. ಅಲ್ಲಿ ಅವ್ವನಿಗೆ ಉಬ್ಬಸ. ಅಲ್ಲಿರೋರೆಲ್ಲ ಮುದುಕೀರು, ಆಸ್ಪತ್ರೇಲಿ ಆಮ್ಲಜನಕ ಇಲ್ಲ."

"ಇಪ್ಪತ್ತೆಂಟು ವರ್ಷದಲ್ಲಿ ಒಂದು ಬಲಿ ಹಬ್ಬ ತಪ್ಪಿಸಿಲ್ಲ ನಾನು. ನನ್ನ ಮನೆ ಕುರಿ ಪಕ್ಕದ ಮನೆಯೋನು ಕೊಯ್ಯಬೇಕಾ? ನೀನು ನಿನ್ನ ನಳಿಕೆ ನೋಡ್ಕೋ ಡಾಕ್ಟರೇ."

ಧಾವ್ ಮೂರು ದಿನ ಕಾಡಿದ. ವಸತಿಯ ಬಾಗಿಲಿಗೂ ಹೋಗಿ ನಿಂತು ಬೇಡಿಕೊಂಡ. ಒಳಗಿನಿಂದ ಅವನ ಅಪ್ಪನ ಗೆಳೆಯರು, "ಲ್ಯಾಬಿನೋನು ಬಂದ, ದೂರ ನಿಂತ್ಕೊಳ್ಳಿ," ಎಂದು ನಕ್ಕರಂತೆ.

ಆಮೇಲೆ ಡಾಕ್ಟರ್ ತುಹಾಮಿಯ ಕೋಣೆಗೆ ಹೋದ. ನಾನು ಕಾಫಿ ಲೋಟ ತೆಗೆಯಲು ಹೋಗಿದ್ದೆ, ತೆಗೆಯುವುದನ್ನು ಸ್ವಲ್ಪ ನಿಧಾನ ಮಾಡಿದೆ.

"ಸರ್, ಈ ಕೊಂಬೆ ಗುಮ್ರಾಸನ್ನಿಂದಲ್ಲ, ಟ್ಯೂನಿಸ್‌ದು. ಮುಚ್ಚೋದಾದ್ರೆ ಇಲ್ಲಿಂದ ಹೊರಗೆ ಹೋಗೋ ದಾರಿ ಮುಚ್ಚಬೇಕು."

"ಟ್ಯೂನಿಸ್‌ಗೆ ಎಷ್ಟು ರಸ್ತೆ ಇದೆ ಗೊತ್ತಾ?"

"ಗೊತ್ತಿಲ್ಲ ಸರ್."

"ನನಗೂ ಗೊತ್ತಿಲ್ಲ. ಗುಮ್ರಾಸನ್ನಿಗೆ ಎರಡು. ವಿಜ್ಞಾನ ಅಂದ್ರೆ ಮಾಡೋಕೆ ಆಗೋದನ್ನ ಹೇಳೋದು, ಸೀ ಧಾವ್. ಹಬ್ಬದ ವಾರ ರಾಜಧಾನಿ ಮುಚ್ಚಿ ಅಂತ ಕಾಗದ ಕಳಿಸಿದ್ರೆ ಮುಚ್ಚೋದು ನನ್ನ ಕೋಣೆ." ತಟ್ಟೆಯಲ್ಲಿದ್ದ ಫ್ತಾಯರ್ ಮುರಿದು ಬಾಯಿಗೆ ಹಾಕಿಕೊಂಡರು. "ನಕ್ಷೆಗೆ ಬಣ್ಣಾನೂ ಹಾಕಿ ಆಗಿದೆ."

ಧಾವ್ ನನ್ನ ಕೋಣೆಗೆ ಬಂದ. ಅವನ ಕೈಯಲ್ಲಿ ಎರಡು ಕಾಗದ. ಒಂದು ಡಾಕ್ಟರರ ಕೆಂಪು ನಕ್ಷೆ, ಸುಳ್ಳು. ಇನ್ನೊಂದು ಅವನೇ ಬರೆದ ತಿದ್ದುಪಡಿ, ನಿಜ. ನಿಜಕ್ಕೆ ಸಹಿ ಹಾಕಿದರೆ ಟ್ಯೂನಿಸ್ ಮುಚ್ಚುವುದಿಲ್ಲ, ಗುಮ್ರಾಸನ್ನೂ ಮುಚ್ಚುವುದಿಲ್ಲ, ಐದು ವ್ಯಾನು ಹೊರಡುತ್ತದೆ, ಜ್ವರ ಅವನ ತಾಯಿಯ ಅಂಗಳದಲ್ಲಿ ಇಳಿಯುತ್ತದೆ. ಸುಳ್ಳಿಗೆ ಸಹಿ ಹಾಕಿದರೆ ವ್ಯಾನು ನಿಲ್ಲುತ್ತದೆ. ಊರಿಗೆ ರೋಗದೂರೆಂಬ ಹೆಸರು ನಿಲ್ಲುತ್ತದೆ, ಅದೂ ಊರ ಮಗನ ಕೈಯಿಂದ.

"ಐದು ವರ್ಷ ಕೆಲಸ ಕೊಡಿ ಅಂತ ಕೂತಿದ್ನಲ್ಲ ಉಮ್ಮಿ, ಕೊಟ್ರು ನೋಡು," ಎಂದ.

ಗೋಡೆಗೆ ಒರಗಿ ತುಂಬ ಹೊತ್ತು ನಿಂತಿದ್ದ. ಕೊನೆಗೆ ತಿದ್ದುಪಡಿಯನ್ನು ನಾಲ್ಕು ಮಡಿಕೆ ಮಾಡಿ ನನ್ನ ಕೈಗೆ ಕೊಟ್ಟು, ಹಬ್ಬ ಕಳೆಯುವವರೆಗೆ ಗ್ಲೌಸಿನ ಪೆಟ್ಟಿಗೆಯಲ್ಲಿ ಇಡಲು ಹೇಳಿದ. ನಕ್ಷೆಯನ್ನು ನನ್ನ ಮೇಜಿನ ಮೇಲೆ ಬಿಚ್ಚಿ, ನನ್ನ ಪೆನ್ನಿನಿಂದಲೇ ಸಹಿ ಹಾಕಿದ. ಪೂರ್ತಿ ಹೆಸರು, ಅಪ್ಪನ ಹೆಸರು ಸಮೇತ.

ರಸ್ತೆ ಎರಡೂ ಮುಚ್ಚಿದವು. ವ್ಯಾನುಗಳು ಅರ್ಧ ದಾರಿಯಿಂದ ವಾಪಸಾದವು. ಆ ಹಬ್ಬಕ್ಕೆ ಟ್ಯೂನಿಸ್‌ನಲ್ಲಿ ಕೆಮ್ಮದ ಮನೆ ಇರಲಿಲ್ಲ. ನಮ್ಮ ಓಣಿಯಲ್ಲಿ ಮೂರು ಹೆಣ ಹೋದವು. ವಸತಿಯ ಹನ್ನೆರಡು ಜನರಲ್ಲಿ ಇಬ್ಬರು ಏಳಲಿಲ್ಲ. ಗುಮ್ರಾಸನ್ನಿನಲ್ಲಿ ಕೆಮ್ಮಿದ್ದು ಆ ಮೇಕೆ ಒಂದೇ.

ಡಾಕ್ಟರ್ ತುಹಾಮಿ ರೇಡಿಯೋದಲ್ಲಿ ಮಾತಾಡಿದರು. ಸಕಾಲದಲ್ಲಿ ಮುಚ್ಚಿದ್ದರಿಂದ ಗುಮ್ರಾಸನ್ನಿನ ರೋಗ ಬೇರುಸಹಿತ ಹೋಯಿತು, ಈಗ ಅಲ್ಲಿ ಒಬ್ಬ ರೋಗಿಯೂ ಇಲ್ಲ, ಜಗತ್ತು ನಮ್ಮಿಂದ ಕಲಿಯಬೇಕು ಎಂದರು. ಇಲ್ಲದ ರೋಗವನ್ನು ಅಷ್ಟು ಪೂರ್ತಿಯಾಗಿ ಗುಣಪಡಿಸಿದವರನ್ನು ನಾನು ಮತ್ತೆ ಕಾಣಲಿಲ್ಲ.

ಹಬ್ಬ ಕಳೆದ ಒಂಬತ್ತನೆಯ ದಿನ ಧಾವ್ ಗ್ಲೌಸಿನ ಪೆಟ್ಟಿಗೆಯಿಂದ ಕಾಗದ ತೆಗೆದುಕೊಂಡು ಹೋಗಿ ಡಾಕ್ಟರರ ಮೇಜಿನ ಮೇಲಿಟ್ಟ. ಅವರು ಓದಿದರು. ತಪ್ಪು ಮರಕ್ಕೆ ಸಹಿ ಹಾಕಿದ ನೌಕರನನ್ನು ಇಟ್ಟುಕೊಳ್ಳುವುದು ವಿಜ್ಞಾನಕ್ಕೆ ಅವಮಾನ ಎಂದು ತೀರ್ಮಾನಿಸಿದರು. ಕರಾರು ಅಲ್ಲಿಗೆ ಮುಗಿಯಿತು. ನಕ್ಷೆ ಮಾತ್ರ ಕಾರಿಡಾರಿನಲ್ಲಿ ಚೌಕಟ್ಟು ಹಾಕಿಸಿಕೊಂಡು ಈಗಲೂ ತೂಗುತ್ತಿದೆ. ವಾರಕ್ಕೊಮ್ಮೆ ಅದರ ಧೂಳು ನಾನೇ ಒರೆಸುತ್ತೇನೆ.

ಅಪ್ಪನಿಗೆ ಎದೆ ಪೂರ್ತಿ ಸರಿಹೋಗದ್ದರಿಂದ ಬಾಣಲೆಯ ಮುಂದೆ ಮಗ ನಿಂತ. ನಾನು ಶುಕ್ರವಾರ ಶುಕ್ರವಾರ ಹೋಗುತ್ತಿದ್ದೆ. ಮೊದಮೊದಲು ಗಿರಾಕಿಗಳು ಅಂಗಡಿಯ ಮುಂದೆ ಮೂಗು ಮುಚ್ಚಿಕೊಂಡು, "ಇದು ಆ ಗುಮ್ರಾಸನ್ ಕೊಂಬೆಯೋರದಾ?" ಎಂದು ಕೇಳಿ ಮುಂದೆ ಹೋಗುತ್ತಿದ್ದರು. ಹಸಿವಾದ ಮೇಲೆ ಎಲ್ಲರೂ ವಾಪಸು ಬಂದರು. ಅಪ್ಪ ಕುರ್ಚಿಯಲ್ಲಿ ಕೂತು, "ಅಂಚು ದಪ್ಪ ಆಯ್ತು, ಇಷ್ಟೂ ಹೇಳ್ಕೊಡಲಿಲ್ವಾ ಯೂನಿವರ್ಸಿಟೀಲಿ?" ಎನ್ನುತ್ತಿದ್ದ. ಸತ್ತ ಇಬ್ಬರ ಹೆಸರು ಬಂದಾಗ ಮಾತ್ರ ಎದ್ದು ಒಳಗೆ ಹೋಗುತ್ತಿದ್ದ. ಹೆಂಡತಿ ಬದುಕಿದ್ದು ಹೇಗೆ ಎಂಬುದು ಅವನಿಗೆ ತಿಳಿದಿತ್ತೋ ಇಲ್ಲವೋ, ಕೇಳಿದರೆ ಒಪ್ಪಿಕೊಳ್ಳಬೇಕಾಗುತ್ತದೆಂದು ಅವನು ಮಗನನ್ನು ಕೇಳಲಿಲ್ಲ.

ಊರಿನ ಕತೆ ಬೇರೆ. ರಸ್ತೆ ಮುಚ್ಚಿದ ಆದೇಶವನ್ನು ಪುರಸಭೆಯ ಬಾಗಿಲಿಗೆ ಅಂಟಿಸಿದ್ದರು, ಕೆಳಗೆ ಕೆಂಪು ನಕ್ಷೆ, ಧಾವ್‌ನ ಸಹಿ ಸಮೇತ. ಓದಲು ಬರದವರಿಗೆ ಬರುವವರು ಓದಿ ಹೇಳಿದರು: ಮಬ್ರೂಕಾಳ ಮಗ. ಆಲಿವ್ ಎಣ್ಣೆ ಕೊಳ್ಳುವವರು ಆ ವರ್ಷ ಊರಿಗೆ ಕಾಲಿಡಲಿಲ್ಲ. ಅವಳ ತಮ್ಮನ ಮಗಳ ನಿಶ್ಚಿತಾರ್ಥ ಮುರಿಯಿತು, ಗಂಡಿನ ಕಡೆಯವರು ರೋಗದೂರಿನ ಹೆಣ್ಣು ಬೇಡವೆಂದರು. ಅಂದಿನಿಂದ ಮಬ್ರೂಕಾ ಮಗನ ಫೋನ್ ಎತ್ತಲಿಲ್ಲ. ಒಂದೇ ಒಂದು ಸಲ ಎತ್ತಿ, "ಕೆಮ್ಮಿದ್ದು ಮೇಕೆ ಅಂತ ನಾನೇ ಬಾಯ್ಬಿಟ್ಟು ಹೇಳಿದ್ನಲ್ಲೋ," ಎಂದು ಇಟ್ಟುಬಿಟ್ಟಳು.

ನಾನು ಧಾವ್‌ನನ್ನು ಕೊನೆಯದಾಗಿ ಮಾತಾಡಿಸಿದ್ದು ನವೆಂಬರಿನ ಒಂದು ಶುಕ್ರವಾರ. ಅಂಗಡಿ ಬಾಗಿಲು ಅರ್ಧ ಎಳೆದಿತ್ತು. ಮಾರನೆಯ ದಿನ ಊರಿಗೆ ಹೊರಟಿದ್ದ. ಅವ್ವನೆದುರು ಹೋಗಿ ನಿಲ್ಲುತ್ತೇನೆ, ಇನ್ನೇನು ಮಾಡಲಿ ಎಂದ. ಉಳಿದ ಹಿಟ್ಟಿನಲ್ಲಿ ನನಗೊಂದು ಕರಿದು, ಮೊಟ್ಟೆ ಒಡೆದು ಹಾಕಿ, ಕಾಗದದಲ್ಲಿ ಸುತ್ತಿ ಕೊಟ್ಟ. ಕೈ ಒರೆಸಿಕೊಳ್ಳುತ್ತ ಕೇಳಿದ:

"ಗೊತ್ತಿಲ್ದೆ ಸಹಿ ಹಾಕಿದೆ ಅಂದ್ರೆ ದಡ್ಡ ಅಂತಾಳೆ. ಗೊತ್ತಿದ್ದೇ ಹಾಕಿದೆ ಅಂದ್ರೆ ದ್ರೋಹಿ ಅಂತಾಳೆ. ನೀನೂ ಹೆತ್ತೋಳು, ಹೇಳು ಉಮ್ಮಿ, ಯಾವ ಮಗನ್ನ ಒಳಗೆ ಕರೀತಾಳೆ?"